ಓಪನ್ ಸೋರ್ಸ್ ಡಾಕ್ಯುಮೆಂಟೇಶನ್ ಬರೆಯಲು ಎಲ್ಲಿಂದ ಶುರು ಮಾಡಬೇಕು?

"ನನಗೆ ಕೋಡ್ ಬರೆಯಲು ಬರುವುದಿಲ್ಲ. ಆದರೂ ಓಪನ್ ಸೋರ್ಸ್‌ಗೆ ಏನಾದರೂ ಮಾಡಬಹುದಾ?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. (ಓಪನ್ ಸೋರ್ಸ್ ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ, ಬದಲಿಸಿ, ಹಂಚಬಹುದಾದ ಸಾಫ್ಟ್‌ವೇರ್.) ಅದರ ಬೆನ್ನಿಗೇ ಇನ್ನೆರಡು ಬರುತ್ತವೆ. "ನನ್ನ ಇಂಗ್ಲಿಷ್ ಅಷ್ಟೇನೂ ಚೆನ್ನಾಗಿಲ್ಲ, ನಡೆಯುತ್ತಾ?" "ಇಷ್ಟೊಂದು ಪ್ರಾಜೆಕ್ಟ್‌ಗಳಿವೆ, ಯಾವುದನ್ನು ಹಿಡಿಯಲಿ?" ಮೂರಕ್ಕೂ ಒಂದೇ ಕಡೆ ಉತ್ತರ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದಕ್ಕೆ ಈಗಲೇ ಹೇಳಿಬಿಡುತ್ತೇನೆ: ಖಂಡಿತ ಮಾಡಬಹುದು. ಹೊಸಬರಾಗಿದ್ದಾಗಲೇ ಚೆನ್ನಾಗಿ ಮಾಡಬಹುದಾದ ಕೆಲಸ ಇದು. ಸಾಫ್ಟ್‌ವೇರ್ ಬರೆದವರಿಗೆ ಅದರ ಮೂಲೆ ಮೂಲೆ ಗೊತ್ತು. ಹಾಗಾಗಿ ಹೊಸಬರು ಎಲ್ಲಿ ಎಡವುತ್ತಾರೆ ಅನ್ನೋದು ಅವರ ಕಣ್ಣಿಗೆ ಬೀಳುವುದಿಲ್ಲ. ಎಡವಿದವರು ನೀವು, ಆ ಜಾಗ ನಿಮಗೆ ಗೊತ್ತು. ಆದರೆ ಈ ತಿಳಿವಳಿಕೆ ಬಹಳ ಬೇಗ ಮಾಸುತ್ತದೆ. ಎರಡು ವಾರ ಬಳಸಿದ ಮೇಲೆ ನಿಮಗೂ ಎಲ್ಲ ಅಭ್ಯಾಸವಾಗಿ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೆ ಅನ್ನೋದೇ ಮರೆತುಹೋಗುತ್ತದೆ. ಕೆಳಗಿನ ಹಂತಗಳನ್ನು ಓದುವಾಗ ಇದು ನೆನಪಿರಲಿ.

ಡಾಕ್ಯುಮೆಂಟೇಶನ್ ಅಂದರೆ ಏನೇನು?

ಚಿಕ್ಕದಾಗಿ "ಡಾಕ್ಸ್" ಅನ್ನುತ್ತಾರೆ. ಸಾಫ್ಟ್‌ವೇರನ್ನು ಇನ್‌ಸ್ಟಾಲ್ ಮಾಡುವ ವಿಧಾನ, ಮೊದಲ ಬಾರಿ ಬಳಸುವವರಿಗೆ ಪಾಠ, ಸೆಟ್ಟಿಂಗ್‌ಗಳ ವಿವರ, ಎರರ್ ಬಂದರೆ ಏನು ಮಾಡಬೇಕು ಅನ್ನುವ ಪುಟ, ಹೊಸ ಆವೃತ್ತಿಯಲ್ಲಿ ಏನು ಬದಲಾಗಿದೆ ಅನ್ನುವ ಟಿಪ್ಪಣಿ ಎಲ್ಲವೂ ಇದರಲ್ಲಿ ಸೇರುತ್ತವೆ. ಪ್ರಾಜೆಕ್ಟ್‌ನ ಮೊದಲ ಪುಟದಲ್ಲಿ ಕಾಣುವ "ರೀಡ್‌ಮಿ" ಫೈಲ್ ಕೂಡ ಡಾಕ್ಸ್‌ನ ಭಾಗವೇ.

ಇದಕ್ಕೆ ಜನ ಬೇಕಾಗಿದ್ದಾರಾ? ಎಷ್ಟೋ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳ ಫೈಲ್‌ಗಳನ್ನು ಇಟ್ಟಿರುವ ಜಾಲತಾಣ ಗಿಟ್‌ಹಬ್, 2017ರಲ್ಲಿ ಓಪನ್ ಸೋರ್ಸ್ ಬಗ್ಗೆ ಒಂದು ದೊಡ್ಡ ಸಮೀಕ್ಷೆ ಮಾಡಿತ್ತು. ಅದರಲ್ಲಿ ಶೇಕಡಾ 93ರಷ್ಟು ಜನ ಅರ್ಧಂಬರ್ಧ ಅಥವಾ ಹಳತಾದ ಡಾಕ್ಯುಮೆಂಟೇಶನ್ ಕಂಡಿದ್ದೇವೆ ಎಂದರು. ಅದೇ ಸಮೀಕ್ಷೆಯಲ್ಲಿ ಪ್ರಾಜೆಕ್ಟ್‌ಗಳಿಗೆ ಕೆಲಸ ಮಾಡುವವರ ಪೈಕಿ ಶೇಕಡಾ 60ರಷ್ಟು ಮಂದಿ ತಾವು ಡಾಕ್ಸ್ ಬರೆಯುವುದು ಅಪರೂಪ ಅಥವಾ ಬರೆಯುವುದೇ ಇಲ್ಲ ಎಂದು ಒಪ್ಪಿಕೊಂಡರು. ತೊಂದರೆ ಎಲ್ಲರಿಗೂ ಕಾಣುತ್ತಿದೆ, ಕೈ ಹಾಕುವವರು ಕಡಿಮೆ. ಅಲ್ಲಿ ನಿಮಗೆ ಜಾಗ ಇದೆ.

ಶುರು ಮಾಡುವ ಮುನ್ನ ಏನು ಬೇಕು?

ಒಂದು ಕಂಪ್ಯೂಟರ್, ಬ್ರೌಸರ್, ಒಂದು ಇಮೇಲ್ ವಿಳಾಸ. ಗಿಟ್‌ಹಬ್ ಅಥವಾ ಅದೇ ಥರದ ಗಿಟ್‌ಲ್ಯಾಬ್‌ನಲ್ಲಿ ಉಚಿತ ಖಾತೆ. ವಾರಕ್ಕೆ ಎರಡು ಮೂರು ಗಂಟೆ ಬಿಡುವು. ಮೊಬೈಲ್‌ನಲ್ಲಿ ಓದಬಹುದು, ಆದರೆ ಬರೆದದ್ದನ್ನು ಪರೀಕ್ಷಿಸಲು ಕಂಪ್ಯೂಟರ್ ಬೇಕೇ ಬೇಕು.

ಇಂಗ್ಲಿಷ್ ವಿಷಯಕ್ಕೆ ಬರೋಣ. ಹೆಚ್ಚಿನ ಪ್ರಾಜೆಕ್ಟ್‌ಗಳ ಮೂಲ ಡಾಕ್ಸ್ ಇಂಗ್ಲಿಷ್‌ನಲ್ಲಿರುತ್ತವೆ, ನಿಜ. ಆದರೆ ಅಲ್ಲಿ ಬೇಕಾಗಿರುವುದು ಚಂದದ ಇಂಗ್ಲಿಷ್ ಅಲ್ಲ, ಸಣ್ಣ ವಾಕ್ಯದ ಇಂಗ್ಲಿಷ್. "ಈ ಫೈಲ್ ತೆರೆಯಿರಿ. ಈ ಸಾಲು ಬದಲಿಸಿ. ಸೇವ್ ಮಾಡಿ." ಇಷ್ಟು ಬರೆಯಬಲ್ಲಿರಾದರೆ ಸಾಕು. ಓದುವವರಲ್ಲಿ ಎಷ್ಟೋ ಜನಕ್ಕೂ ಇಂಗ್ಲಿಷ್ ಎರಡನೆಯ ಭಾಷೆಯೇ. ನಿಮಗೆ ಅರ್ಥವಾಗದ ವಾಕ್ಯ ಅವರಿಗೂ ಅರ್ಥವಾಗುವುದಿಲ್ಲ. ಆ ವಾಕ್ಯವನ್ನು ಬಿಡಿಸಿ ಬರೆಯುವುದೇ ಒಂದು ಒಳ್ಳೆಯ ಕೊಡುಗೆ. ವ್ಯಾಕರಣದ ತಪ್ಪನ್ನು ಪರಿಶೀಲನೆ ಮಾಡುವವರು ಎರಡು ನಿಮಿಷದಲ್ಲಿ ತಿದ್ದುತ್ತಾರೆ. ಬಿಟ್ಟುಹೋದ ಒಂದು ಹೆಜ್ಜೆ ಯಾವುದು ಅಂತ ಕಂಡುಹಿಡಿಯೋಕೆ ಮಾತ್ರ ಎಡವಿದವರೇ ಬೇಕು.

ಹಂತ 1: ನೀವು ಬಳಸುವ ಸಾಫ್ಟ್‌ವೇರನ್ನೇ ಆರಿಸಿ

ಹೆಸರು ದೊಡ್ಡದು ಅಂತ ಲಿನಕ್ಸ್ ಕರ್ನಲ್‌ಗೋ ಕುಬರ್ನೆಟಿಸ್‌ಗೋ ನೇರವಾಗಿ ಹೋಗಬೇಡಿ. ನೀವು ಬಳಸದ ಸಾಫ್ಟ್‌ವೇರ್ ಬಗ್ಗೆ ಬರೆದರೆ ಊಹೆ ಮಾಡಿ ಬರೆಯಬೇಕಾಗುತ್ತದೆ, ಊಹೆ ಮಾಡಿ ಬರೆದ ಡಾಕ್ಸ್ ಇಲ್ಲದ ಡಾಕ್ಸ್‌ಗಿಂತ ಕೆಟ್ಟದ್ದು. ನಿಮ್ಮ ಕಂಪ್ಯೂಟರ್‌ನಲ್ಲಿ ಈಗ ಏನೇನಿದೆ ಅಂತ ಒಂದು ಪಟ್ಟಿ ಮಾಡಿ. ಬ್ರೌಸರ್, ಬರವಣಿಗೆಯ ತಂತ್ರಾಂಶ, ವಿಡಿಯೊ ಪ್ಲೇಯರ್, ಚಿತ್ರ ತಿದ್ದುವ ಆ್ಯಪ್, ಕೆಲಸಕ್ಕೆ ಬಳಸುವ ಕೋಡ್ ಲೈಬ್ರರಿ. ಇವುಗಳಲ್ಲಿ ಓಪನ್ ಸೋರ್ಸ್ ಯಾವುವು ನೋಡಿ. ಮೂರನ್ನು ಆರಿಸಿಕೊಳ್ಳಿ.

ಈಗ ಆ ಮೂರರಲ್ಲಿ ಯಾವುದು ಜೀವಂತವಾಗಿದೆ ಅಂತ ನೋಡಬೇಕು. ಕಳೆದ ಒಂದೆರಡು ತಿಂಗಳಲ್ಲಿ ಏನಾದರೂ ಬದಲಾವಣೆ ಸೇರಿದೆಯಾ? ಹೊರಗಿನವರು ಕಳಿಸಿದ ತಿದ್ದುಪಡಿಗೆ ಯಾರಾದರೂ ಉತ್ತರ ಕೊಟ್ಟಿದ್ದಾರಾ? ಉತ್ತರದ ಧಾಟಿ ಹೇಗಿದೆ? ಹೊಸಬರ ಪ್ರಶ್ನೆಗೆ ಸಿಡಿಮಿಡಿ ಮಾಡುವ ಪ್ರಾಜೆಕ್ಟ್ ನಿಮ್ಮ ಮೊದಲ ಪ್ರಾಜೆಕ್ಟ್ ಆಗುವುದು ಬೇಡ. ಇದಕ್ಕೆ ಹತ್ತು ನಿಮಿಷ ಕೊಟ್ಟರೆ ಮುಂದೆ ಎಷ್ಟೋ ಬೇಸರ ತಪ್ಪುತ್ತದೆ.

ಗಿಟ್ ಅಂದರೇನೇ ಗೊತ್ತಿಲ್ಲ, ಈಗಲೇ ಕಲಿಯುವ ಮನಸ್ಸೂ ಇಲ್ಲ ಅನ್ನುವವರಿಗೂ ದಾರಿ ಇದೆ. ಲಿಬ್ರೆಆಫೀಸ್‌ನ ಬಳಕೆದಾರರ ಕೈಪಿಡಿಗಳನ್ನು ಅದರದ್ದೇ ರೈಟರ್ ತಂತ್ರಾಂಶದಲ್ಲಿ ಬರೆಯುತ್ತಾರೆ. ಆರ್ಚ್ ಲಿನಕ್ಸ್‌ನ ಡಾಕ್ಸ್ ವಿಕಿ ರೂಪದಲ್ಲಿದೆ, ಖಾತೆ ಮಾಡಿಕೊಂಡು ವಿಕಿಪೀಡಿಯದಂತೆಯೇ ತಿದ್ದಬಹುದು.

ಹಂತ 2: ಎಡವಿದ್ದನ್ನು ಬರೆದಿಟ್ಟುಕೊಳ್ಳಿ

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಆರಿಸಿದ ಸಾಫ್ಟ್‌ವೇರ್‌ನ ಇನ್‌ಸ್ಟಾಲ್ ಪುಟ ತೆರೆಯಿರಿ. ಪಕ್ಕದಲ್ಲಿ ಒಂದು ಖಾಲಿ ಫೈಲ್ ಅಥವಾ ನೋಟ್‌ಪುಸ್ತಕ ಇಟ್ಟುಕೊಳ್ಳಿ. ಈಗ ಏನೂ ಗೊತ್ತಿಲ್ಲದವರಂತೆ ಮೊದಲ ಸಾಲಿನಿಂದ ಅದರಲ್ಲಿ ಹೇಳಿದ್ದನ್ನೇ ಮಾಡುತ್ತಾ ಹೋಗಿ. ಹೇಳದೆ ಇರುವುದನ್ನು ಮಾಡಬೇಡಿ. ನಿಮಗೆ ಮೊದಲೇ ಗೊತ್ತಿರುವ ಅಡ್ಡದಾರಿ ಹಿಡಿಯಬೇಡಿ. ಸಾಧ್ಯವಾದರೆ ವರ್ಚುವಲ್ ಮೆಷೀನ್‌ನಲ್ಲಿ ಮಾಡಿ. ಅಂದರೆ ನಿಮ್ಮ ಕಂಪ್ಯೂಟರ್ ಒಳಗೇ ನಡೆಯುವ ಇನ್ನೊಂದು ಖಾಲಿ ಕಂಪ್ಯೂಟರ್. ಅದರಲ್ಲಿ ಮೊದಲಿನಿಂದ ಏನೂ ಇನ್‌ಸ್ಟಾಲ್ ಆಗಿರುವುದಿಲ್ಲ, ಹಾಗಾಗಿ ಡಾಕ್ಸ್ ಬರೆದವರು ಮರೆತ ಹೆಜ್ಜೆಗಳೆಲ್ಲ ಹೊರಗೆ ಬೀಳುತ್ತವೆ.

ಸಿಕ್ಕಿಹಾಕಿಕೊಂಡ ಕೂಡಲೇ ನಾಲ್ಕು ವಿಷಯ ಬರೆಯಿರಿ. ಯಾವ ಪುಟ, ಯಾವ ಸಾಲು? ಏನು ಆಗಬೇಕು ಅಂದುಕೊಂಡಿರಿ? ಏನಾಯಿತು? ಎರರ್ ಬಂದಿದ್ದರೆ ಅದರ ಪೂರ್ತಿ ಪಠ್ಯವನ್ನೇ ನಕಲು ಮಾಡಿ ಇಟ್ಟುಕೊಳ್ಳಿ. ಕೊನೆಗೆ ಏನು ಮಾಡಿದ್ದರಿಂದ ಸರಿಹೋಯಿತು? ಜೊತೆಗೆ ನಿಮ್ಮ ಆಪರೇಟಿಂಗ್ ಸಿಸ್ಟಂ ಮತ್ತು ಸಾಫ್ಟ್‌ವೇರ್‌ನ ಆವೃತ್ತಿ ಸಂಖ್ಯೆ.

ಸಣ್ಣ ವಿಷಯ ಅಂತ ಯಾವುದನ್ನೂ ಬಿಡಬೇಡಿ. "ಈ ಪದದ ಅರ್ಥ ಗೊತ್ತಾಗಲಿಲ್ಲ" ಅನ್ನುವುದೂ ಬರೆಯುವಂಥದ್ದೇ. "ಇಲ್ಲಿ ಯಾವ ಫೋಲ್ಡರ್ ಅಂತ ಹೇಳಿಲ್ಲ" ಅನ್ನುವುದೂ ಅಷ್ಟೇ. ಒಂದು ಸಂಜೆ ಕೂತರೆ ಆರೇಳು ಸಾಲಾದರೂ ಸಿಗುತ್ತವೆ. ನಿಮ್ಮ ಮುಂದಿನ ಕೆಲವು ತಿಂಗಳ ಕೆಲಸ ಈ ಪಟ್ಟಿಯಲ್ಲೇ ಇದೆ.

ಹಂತ 3: ಪ್ರಾಜೆಕ್ಟ್‌ನ ನಿಯಮ ಓದಿ

ರೆಪೊಸಿಟರಿ ಅಂದರೆ ಪ್ರಾಜೆಕ್ಟ್‌ನ ಫೈಲ್‌ಗಳೆಲ್ಲ, ಅವುಗಳ ಹಳೆಯ ಆವೃತ್ತಿಗಳ ಸಮೇತ, ಇರುವ ಜಾಗ. ಅಲ್ಲಿ "ಕಾಂಟ್ರಿಬ್ಯೂಟಿಂಗ್" ಎಂಬ ಹೆಸರಿನ ಫೈಲ್ ಇದ್ದರೆ ಅದನ್ನು ಪೂರ್ತಿ ಓದಿ. ತಿದ್ದುಪಡಿ ಹೇಗೆ ಕಳಿಸಬೇಕು, ಡಾಕ್ಸ್‌ನ ಮೂಲ ಫೈಲ್‌ಗಳು ಎಲ್ಲಿವೆ, ಯಾವ ಶೈಲಿಯಲ್ಲಿ ಬರೆಯಬೇಕು ಎಲ್ಲ ಅದರಲ್ಲಿರುತ್ತದೆ. ಕೆಲವು ಕಡೆ ಪ್ರತ್ಯೇಕ "ಸ್ಟೈಲ್ ಗೈಡ್" ಇರುತ್ತದೆ. ಪದಗಳ ಬಳಕೆ, ಶೀರ್ಷಿಕೆ ಬರೆಯುವ ಕ್ರಮ ಇತ್ಯಾದಿಗಳ ನಿಯಮ ಅದು. ಗೂಗಲ್ ಮತ್ತು ಮೈಕ್ರೋಸಾಫ್ಟ್ ತಮ್ಮ ಸ್ಟೈಲ್ ಗೈಡ್‌ಗಳನ್ನು ಎಲ್ಲರಿಗೂ ಓದಲು ಬಿಟ್ಟಿವೆ, ಎಷ್ಟೋ ಪ್ರಾಜೆಕ್ಟ್‌ಗಳು ಅವನ್ನೇ ಅನುಸರಿಸುತ್ತವೆ.

ಇಲ್ಲಿ ಹೊಸಬರನ್ನು ಗಾಬರಿ ಮಾಡುವ ಎರಡು ಹೆಸರುಗಳಿವೆ. ಒಂದು "ಸಿಎಲ್‌ಎ". ನೀವು ಬರೆದದ್ದನ್ನು ಬಳಸಲು ಪ್ರಾಜೆಕ್ಟ್‌ಗೆ ಅನುಮತಿ ಕೊಡುವ ಒಪ್ಪಂದ ಅದು. ಪೈಥಾನ್ ಮತ್ತು ಕುಬರ್ನೆಟಿಸ್ ಇದನ್ನು ಕೇಳುತ್ತವೆ. ಆನ್‌ಲೈನ್‌ನಲ್ಲೇ ಸಹಿ ಮಾಡಬಹುದು. ಕಂಪನಿಯಲ್ಲಿ ಕೆಲಸ ಮಾಡುವವರು ಸಹಿಗೆ ಮುನ್ನ ಕೆಲಸದ ಕರಾರು ಪತ್ರ ನೋಡಿಕೊಳ್ಳಿ. ನೀವು ಬರೆದದ್ದರ ಹಕ್ಕು ಕಂಪನಿಯದ್ದು ಅಂತ ಕೆಲವು ಕರಾರುಗಳಲ್ಲಿರುತ್ತದೆ. ಇನ್ನೊಂದು "ಡಿಸಿಒ". ಇದು ಲಿನಕ್ಸ್ ಕರ್ನಲ್‌ನಲ್ಲಿ 2004ರಲ್ಲಿ ಶುರುವಾದದ್ದು. "ಇದನ್ನು ಕೊಡುವ ಹಕ್ಕು ನನಗಿದೆ" ಎಂದು ಹೇಳುವ ಒಂದು ಸಾಲನ್ನು ನಿಮ್ಮ ಹೆಸರು, ಇಮೇಲ್ ಜೊತೆ ಪ್ರತಿ ಬದಲಾವಣೆಗೂ ಸೇರಿಸಬೇಕು. ಅಷ್ಟೇ.

ಹಾಂ, ಇಮೇಲ್ ಅಂದಾಗ ನೆನಪಾಯಿತು. ನೀವು ಮಾಡಿದ ಪ್ರತಿ ಬದಲಾವಣೆಯ ಜೊತೆ ನಿಮ್ಮ ಇಮೇಲ್ ವಿಳಾಸ ಶಾಶ್ವತವಾಗಿ, ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ಬೇಡ ಅನಿಸಿದರೆ ಮೊದಲ ಬದಲಾವಣೆಗೆ ಮುನ್ನವೇ ಗಿಟ್‌ಹಬ್ ಸೆಟ್ಟಿಂಗ್‌ನಲ್ಲಿ ಇಮೇಲ್ ಮುಚ್ಚಿಡುವ ಆಯ್ಕೆ ಹಾಕಿಕೊಳ್ಳಿ. ಆಮೇಲೆ ಅಳಿಸುವುದು ತುಂಬಾ ಕಷ್ಟ. ಡಿಸಿಒ ಕೇಳುವ ಪ್ರಾಜೆಕ್ಟ್ ಆದರೆ, ಮುಚ್ಚಿಟ್ಟ ವಿಳಾಸ ನಡೆಯುತ್ತದಾ ಅಂತ ಅಲ್ಲಿನ ನಿಯಮ ನೋಡಿಕೊಳ್ಳಿ.

ಹಂತ 4: ಮೊದಲು ಹುಡುಕಿ, ಆಮೇಲೆ ತಿಳಿಸಿ

"ಇಶ್ಯೂ" ಅಂದರೆ ಪ್ರಾಜೆಕ್ಟ್‌ನಲ್ಲಿ ಒಂದು ತೊಂದರೆ ಅಥವಾ ಸಲಹೆಯನ್ನು ದಾಖಲಿಸುವ ಚೀಟಿ. ನಿಮ್ಮ ಪಟ್ಟಿಯಲ್ಲಿರುವ ತೊಂದರೆಯನ್ನು ಬೇರೆ ಯಾರಾದರೂ ಆಗಲೇ ಹೇಳಿದ್ದಾರಾ ಅಂತ ಮೊದಲು ಹುಡುಕಿ. ತೆರೆದಿರುವ ಇಶ್ಯೂಗಳ ಜೊತೆ ಮುಚ್ಚಿದವನ್ನೂ ನೋಡಿ. ಎಷ್ಟೋ ಸಲ "ಇದನ್ನು ಬೇಕೆಂದೇ ಹೀಗೆ ಬರೆದಿದ್ದೇವೆ" ಅನ್ನುವ ಉತ್ತರ ಅಲ್ಲಿ ಸಿಗುತ್ತದೆ.

ಅಕ್ಷರ ತಪ್ಪು, ಮುರಿದ ಲಿಂಕ್ ಇಂಥವಕ್ಕೆ ಇಶ್ಯೂ ಬೇಕಾಗಿಲ್ಲ, ನೇರವಾಗಿ ತಿದ್ದುಪಡಿ ಕಳಿಸಿ. ಒಂದು ಪ್ಯಾರಾಕ್ಕಿಂತ ದೊಡ್ಡ ಬದಲಾವಣೆಯಾದರೆ ಮೊದಲು ಇಶ್ಯೂ ತೆರೆದು, "ಹೀಗೆ ಬರೆಯಬೇಕೆಂದಿದ್ದೇನೆ, ಸರಿಯಾ?" ಎಂದು ಕೇಳಿ. ಮೇಂಟೇನರ್, ಅಂದರೆ ಪ್ರಾಜೆಕ್ಟ್ ನೋಡಿಕೊಳ್ಳುವವರು, ಹ್ಞೂಂ ಅಂದ ಮೇಲೆ ಬರೆಯಿರಿ.

ಸ್ವಂತ ಪಟ್ಟಿ ಇಲ್ಲದವರಿಗೆ ಗಿಟ್‌ಹಬ್‌ನಲ್ಲಿ "ಡಾಕ್ಯುಮೆಂಟೇಶನ್" ಮತ್ತು "ಗುಡ್ ಫಸ್ಟ್ ಇಶ್ಯೂ" ಅನ್ನುವ ಲೇಬಲ್‌ಗಳು ಸಹಾಯಕ್ಕೆ ಬರುತ್ತವೆ. ಎರಡನೆಯದು ಹೊಸಬರಿಗೆಂದೇ ಎತ್ತಿಟ್ಟ ಕೆಲಸ. ಆದರೆ ಅದನ್ನು ಬೇರೆ ಯಾರೂ ಆಗಲೇ ಹಿಡಿದಿಲ್ಲ ಅಂತ ಕಾಮೆಂಟ್ ಓದಿ ಖಚಿತ ಮಾಡಿಕೊಳ್ಳಿ. "ನಾನು ಮಾಡುತ್ತೇನೆ" ಅಂತ ಬರೆದು ತಿಂಗಳುಗಟ್ಟಲೆ ಸುಮ್ಮನಾಗುವುದು ಮಾತ್ರ ಬೇಡ. ಆಗುವುದಿಲ್ಲ ಅನಿಸಿದರೆ ಹಾಗೆಂದು ಬರೆದು ಬಿಟ್ಟುಕೊಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಂತ 5: ಮೊದಲ ತಿದ್ದುಪಡಿ ಬ್ರೌಸರ್‌ನಲ್ಲೇ ಮಾಡಿ

ಕಮಾಂಡ್‌ಗಳನ್ನು, ಅಂದರೆ ಕಂಪ್ಯೂಟರ್‌ಗೆ ಟೈಪ್ ಮಾಡಿ ಕೊಡುವ ಆದೇಶಗಳನ್ನು, ಕಲಿತ ಮೇಲೆ ಶುರು ಮಾಡುತ್ತೇನೆ ಅಂತ ಕಾಯಬೇಡಿ. ಮೊದಲ ಒಂದೆರಡು ತಿದ್ದುಪಡಿಗೆ ಬ್ರೌಸರ್ ಸಾಕು. ಅದಕ್ಕೆ ಮುನ್ನ ಐದು ಪದ ತಿಳಿದುಕೊಳ್ಳಿ.

ಗಿಟ್: ಫೈಲ್‌ಗಳಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಅನ್ನುವ ಲೆಕ್ಕ ಇಡುವ ಸಾಧನ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಮಾಡಿದ್ದು.
ಫೋರ್ಕ್: ಪ್ರಾಜೆಕ್ಟ್‌ನ ನಿಮ್ಮದೇ ಒಂದು ಪ್ರತಿ. ಇದರಲ್ಲಿ ಏನು ಮಾಡಿದರೂ ಮೂಲಕ್ಕೆ ಧಕ್ಕೆ ಇಲ್ಲ.
ಬ್ರಾಂಚ್: ಒಂದು ಕೆಲಸಕ್ಕೆಂದು ಬೇರೆ ಮಾಡಿಕೊಂಡ ಕವಲು.
ಕಮಿಟ್: ಬದಲಾವಣೆಯನ್ನು ಒಂದು ಸಣ್ಣ ವಿವರಣೆಯೊಂದಿಗೆ ದಾಖಲಿಸುವುದು.
ಪುಲ್ ರಿಕ್ವೆಸ್ಟ್: "ನನ್ನ ಬದಲಾವಣೆಯನ್ನು ನಿಮ್ಮದರಲ್ಲಿ ಸೇರಿಸಿಕೊಳ್ಳಿ" ಎಂಬ ಕೋರಿಕೆ. ಗಿಟ್‌ಲ್ಯಾಬ್‌ನಲ್ಲಿ ಇದಕ್ಕೆ ಮರ್ಜ್ ರಿಕ್ವೆಸ್ಟ್ ಅನ್ನುತ್ತಾರೆ.

ಈಗ ಕೆಲಸ. ಗಿಟ್‌ಹಬ್‌ನಲ್ಲಿ ತಿದ್ದಬೇಕಾದ ಫೈಲ್ ತೆರೆಯಿರಿ. ಮೇಲೆ ಬಲಗಡೆ ಪೆನ್ಸಿಲ್ ಚಿತ್ರ ಕಾಣುತ್ತದೆ, ಅದನ್ನು ಒತ್ತಿ. ಫೋರ್ಕ್ ಮಾಡಲು ಅದೇ ಕೇಳುತ್ತದೆ, ಒಪ್ಪಿಕೊಳ್ಳಿ. ತಿದ್ದಿ. ಪ್ರಿವ್ಯೂ ಒತ್ತಿ, ಪುಟ ಹೇಗೆ ಕಾಣುತ್ತದೆ ನೋಡಿ. ಕಮಿಟ್ ಮಾಡುವಾಗ ಏನು ಬದಲಿಸಿದಿರಿ ಎಂದು ಒಂದು ಸಾಲು ಬರೆಯಿರಿ. "ಫೈಲ್ ಅಪ್‌ಡೇಟ್ ಮಾಡಿದೆ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಇನ್‌ಸ್ಟಾಲ್ ಪುಟದ ಮುರಿದ ಲಿಂಕ್ ಸರಿಪಡಿಸಿದೆ" ಅಂದರೆ ತಿಳಿಯುತ್ತದೆ. ಆಮೇಲೆ ಪುಲ್ ರಿಕ್ವೆಸ್ಟ್ ತೆರೆಯಿರಿ. ಅದರಲ್ಲಿ ಎರಡು ಮೂರು ವಾಕ್ಯ ಸಾಕು: ಏನು ತೊಂದರೆ ಇತ್ತು, ಏನು ಬದಲಿಸಿದೆ, ಯಾವ ಆವೃತ್ತಿಯಲ್ಲಿ ಪರೀಕ್ಷಿಸಿದೆ.

ಇಲ್ಲಿ ಎರಡು ಗುಂಡಿಗಳಿವೆ, ಹೊಸಬರು ಪದೇ ಪದೇ ಬೀಳುತ್ತಾರೆ. ಮೊದಲನೆಯದು, ತಪ್ಪು ಫೈಲ್ ತಿದ್ದುವುದು. ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಕೆಲವು ಪುಟಗಳು ತಾವಾಗಿಯೇ ತಯಾರಾಗುತ್ತವೆ. ಕೋಡ್ ಒಳಗಿರುವ ಕಾಮೆಂಟ್‌ಗಳಿಂದ ಒಂದು ಪ್ರೋಗ್ರಾಂ ಆ ಪುಟವನ್ನು ಕಟ್ಟುತ್ತದೆ. ತಯಾರಾದ ಪುಟವನ್ನೇ ತಿದ್ದಿದರೆ, ಮುಂದಿನ ಸಲ ಅದು ತಯಾರಾದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ಮೂಲ ಎಲ್ಲಿದೆ ಅಂತ ಹುಡುಕಿ ಅಲ್ಲಿ ತಿದ್ದಬೇಕು.

ಎರಡನೆಯದು, ಬೇಡದ ಬದಲಾವಣೆ ನುಸುಳುವುದು. ಕೆಲವು ಎಡಿಟರ್‌ಗಳು ಸೇವ್ ಮಾಡುವಾಗ ಇಡೀ ಫೈಲ್‌ನ ಖಾಲಿ ಜಾಗ, ಸಾಲುಗಳ ಉದ್ದ ಎಲ್ಲವನ್ನೂ ತಾವೇ ಸರಿಮಾಡಿಬಿಡುತ್ತವೆ. ನೀವು ಒಂದು ಪದ ತಿದ್ದಿದ್ದರೆ ಅಲ್ಲಿ ಇನ್ನೂರು ಸಾಲು ಬದಲಾದಂತೆ ಕಾಣುತ್ತದೆ. ಕಳಿಸುವ ಮುನ್ನ "ಡಿಫ್" ನೋಡಿ. ಹಳೆಯದು ಕೆಂಪಿನಲ್ಲಿ, ಹೊಸದು ಹಸಿರಿನಲ್ಲಿ ಕಾಣುವ ವ್ಯತ್ಯಾಸದ ಪಟ್ಟಿ ಅದು. ನೀವು ಮುಟ್ಟದ ಸಾಲು ಅಲ್ಲಿ ಇರಬಾರದು.

ಹಂತ 6: ಬರೆಯುವುದು

ಸಣ್ಣ ತಿದ್ದುಪಡಿ ಒಂದೆರಡು ಸೇರಿದ ಮೇಲೆ ಒಂದು ಇಡೀ ಭಾಗ ಅಥವಾ ಪುಟ ಬರೆಯುವ ಧೈರ್ಯ ಬರುತ್ತದೆ. ಹೆಚ್ಚಿನ ಕಡೆ "ಮಾರ್ಕ್‌ಡೌನ್" ಬಳಸುತ್ತಾರೆ. ಸಾದಾ ಪಠ್ಯದಲ್ಲೇ ಕೆಲವು ಚಿಹ್ನೆ ಹಾಕಿ ಶೀರ್ಷಿಕೆ, ಪಟ್ಟಿ, ಲಿಂಕ್ ಮಾಡುವ ವಿಧಾನ ಇದು, ಅರ್ಧ ಗಂಟೆಯಲ್ಲಿ ಕಲಿಯಬಹುದು. ಪೈಥಾನ್, ಜ್ಯಾಂಗೊ, ಲಿನಕ್ಸ್ ಕರ್ನಲ್‌ಗಳಲ್ಲಿ "ರೀಸ್ಟ್ರಕ್ಚರ್ಡ್‌ಟೆಕ್ಸ್ಟ್" ಇದೆ. ಅದಕ್ಕೆ ಇನ್ನೂ ಸ್ವಲ್ಪ ಸಮಯ ಬೇಕು, ಬೇರೆ ಪುಟಗಳನ್ನು ನೋಡಿಕೊಂಡೇ ಕಲಿಯಬಹುದು.

ಬರೆಯುವ ಮುನ್ನ ಇದು ಯಾವ ಬಗೆಯ ಪುಟ ಅಂತ ತೀರ್ಮಾನಿಸಿ. ಡೇನಿಯಲೆ ಪ್ರೊಚಿಡಾ ಅವರು "ಡಯಾಟಾಕ್ಸಿಸ್" ಎಂಬ ಹೆಸರಿನಲ್ಲಿ ಡಾಕ್ಸ್ ಅನ್ನು ನಾಲ್ಕು ಬಗೆ ಮಾಡಿದ್ದಾರೆ. ಕೈಹಿಡಿದು ಕಲಿಸುವ ಪಾಠ ಒಂದು. ಒಂದು ನಿರ್ದಿಷ್ಟ ಕೆಲಸ ಮಾಡಿಸುವ ಮಾರ್ಗದರ್ಶಿ ಎರಡನೆಯದು. ಬೇಕಾದಾಗ ತೆರೆದು ನೋಡುವ ವಿವರಗಳ ಪಟ್ಟಿ ಮೂರನೆಯದು. ಯಾಕೆ ಹೀಗೆ ಎಂದು ತಿಳಿಸುವ ವಿವರಣೆ ನಾಲ್ಕನೆಯದು. ಈ ನಾಲ್ಕನ್ನು ಕಲಸಿದಾಗಲೇ ಪುಟ ಕೆಡುವುದು. ಕಲಿಯಲು ಬಂದವರಿಗೆ ಪಾಠದ ಮಧ್ಯೆ ಇಪ್ಪತ್ತು ಸೆಟ್ಟಿಂಗ್‌ಗಳ ಪಟ್ಟಿ ಕೊಟ್ಟರೆ ಅವರು ಅಲ್ಲೇ ನಿಂತುಬಿಡುತ್ತಾರೆ. ಅದಕ್ಕೆ ಒಂದು ಲಿಂಕ್ ಕೊಟ್ಟು ಮುಂದೆ ಹೋಗಿ.

ವಾಕ್ಯಗಳ ವಿಷಯ. "ಸೆಟ್ಟಿಂಗ್ಸ್ ಫೈಲ್‌ನಲ್ಲಿ ಸೂಕ್ತ ಪೋರ್ಟ್ ಸಂಖ್ಯೆಯನ್ನು ನೀಡಬೇಕಾಗುತ್ತದೆ" ಅಂತ ಬರೆದರೆ ಓದುವವರಿಗೆ ಏನು ಮಾಡಬೇಕು ತಿಳಿಯುವುದಿಲ್ಲ. ಯಾವ ಫೈಲ್? ಎಲ್ಲಿದೆ? ಸೂಕ್ತ ಅಂದರೆ ಎಷ್ಟು? "ಸೆಟ್ಟಿಂಗ್ಸ್ ಫೈಲ್ ತೆರೆಯಿರಿ. ಪೋರ್ಟ್ ಎಂಬ ಸಾಲಿನಲ್ಲಿ 8080 ಎಂದು ಬರೆಯಿರಿ. ಸೇವ್ ಮಾಡಿ. ಸರ್ವರನ್ನು ಮತ್ತೆ ಶುರು ಮಾಡಿ." ಹೀಗೆ ಒಂದು ವಾಕ್ಯಕ್ಕೆ ಒಂದೇ ಕೆಲಸ ಇರಲಿ. ಕೆಲಸ ಆಯಿತು ಅಂತ ತಿಳಿಯುವುದು ಹೇಗೆ ಅನ್ನುವುದನ್ನೂ ಹೇಳಿ: ಪರದೆಯ ಮೇಲೆ ಯಾವ ಸಾಲು ಕಾಣಬೇಕು?

ಎಚ್ಚರಿಕೆ ಯಾವಾಗಲೂ ಕೆಲಸಕ್ಕಿಂತ ಮೊದಲು ಬರಬೇಕು. "ಈ ಫೋಲ್ಡರ್ ಅಳಿಸಿ. ಬ್ಯಾಕಪ್ ಇಲ್ಲದಿದ್ದರೆ ಅಳಿಸಬೇಡಿ" ಅಂತ ಬರೆದರೆ, ಜನ ಮೊದಲ ವಾಕ್ಯ ಓದುತ್ತಲೇ ಅಳಿಸಿರುತ್ತಾರೆ. ಓದುತ್ತಾ ಓದುತ್ತಾ ಕೈಯೂ ಓಡುತ್ತಿರುತ್ತದೆ ಅಲ್ವಾ?

"ಸುಲಭವಾಗಿ", "ಸುಮ್ನೆ ಇಷ್ಟು ಮಾಡಿ", "ನಿಮಗೆ ಗೊತ್ತೇ ಇರುವಂತೆ" ಇಂಥ ಮಾತುಗಳನ್ನು ತೆಗೆದುಹಾಕಿ. ಸಿಕ್ಕಿಹಾಕಿಕೊಂಡವರು ಅದನ್ನು ಓದಿದರೆ ತಪ್ಪು ತಮ್ಮದೇ ಅಂದುಕೊಂಡು ಹೊರಟುಹೋಗುತ್ತಾರೆ. ಸಾಫ್ಟ್‌ವೇರ್ ಬಿಟ್ಟು ಹೋದ ಎಷ್ಟೋ ಜನರನ್ನು ಆ ಒಂದು ಪದ ಕಳಿಸಿರಬಹುದು.

ಕಮಾಂಡ್ ಬರೆಯುವಾಗ ಇನ್ನೂ ಹುಷಾರಾಗಿರಿ. ಪ್ರತಿ ಕಮಾಂಡನ್ನೂ ನೀವೇ ನಡೆಸಿ ನೋಡಿ, ನಡೆಸದೆ ಇರುವುದನ್ನು ಬರೆಯಬೇಡಿ. ವರ್ಡ್ ಥರದ ತಂತ್ರಾಂಶದಲ್ಲಿ ಬರೆದು ಅಂಟಿಸಿದರೆ ನೇರ ಉದ್ಧರಣ ಚಿಹ್ನೆಗಳು ಬಾಗಿದ ಚಿಹ್ನೆಗಳಾಗುತ್ತವೆ, ಎರಡು ಅಡ್ಡಗೆರೆ ಕೂಡಿ ಒಂದು ಉದ್ದ ಗೆರೆಯಾಗುತ್ತದೆ. ಕಣ್ಣಿಗೆ ಒಂದೇ ಥರ ಕಂಡರೂ ಕಮಾಂಡ್ ನಡೆಯುವುದಿಲ್ಲ. ಸಾದಾ ಟೆಕ್ಸ್ಟ್ ಎಡಿಟರನ್ನೇ ಬಳಸಿ. ಕಮಾಂಡ್ ಮುಂದೆ ಡಾಲರ್ ಚಿಹ್ನೆ ಹಾಕುವ ರೂಢಿ ಇದೆ, ಇದು ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಬರೆಯುವಂಥದ್ದು ಎಂದು ತೋರಿಸಲು. ಹೊಸಬರು ಅದನ್ನೂ ಸೇರಿಸಿ ನಕಲು ಮಾಡುತ್ತಾರೆ. ಪ್ರಾಜೆಕ್ಟ್‌ನ ನಿಯಮ ಬೇಕು ಅನ್ನದಿದ್ದರೆ ಬಿಟ್ಟುಬಿಡಿ.

ಉದಾಹರಣೆಗೆ ವಿಳಾಸ ಬೇಕಾದಾಗ ಬಾಯಿಗೆ ಬಂದ ವೆಬ್ ವಿಳಾಸ ಬರೆಯಬೇಡಿ. ಅದು ಯಾರದೋ ನಿಜವಾದ ವಿಳಾಸವಾಗಿರಬಹುದು. ಇದಕ್ಕೆಂದೇ "ಎಕ್ಸಾಂಪಲ್ ಡಾಟ್ ಕಾಮ್" ಅನ್ನು 1999ರಿಂದ ಮೀಸಲಿಟ್ಟಿದ್ದಾರೆ. ಐಪಿ ವಿಳಾಸ ಬೇಕಾದರೆ 192.0.2ರಿಂದ ಶುರುವಾಗುವವು ಡಾಕ್ಯುಮೆಂಟೇಶನ್‌ಗೆಂದೇ ಮೀಸಲು. ಸ್ಕ್ರೀನ್‌ಶಾಟ್ ಹಾಕುವಾಗ ನಿಮ್ಮ ಹೆಸರು, ಇಮೇಲ್, ಪಾಸ್‌ವರ್ಡ್, ತೆರೆದಿರುವ ಬೇರೆ ಟ್ಯಾಬ್‌ಗಳು ಕಾಣದಂತೆ ನೋಡಿಕೊಳ್ಳಿ. ನಿಜ ಹೇಳಬೇಕೆಂದರೆ ಸ್ಕ್ರೀನ್‌ಶಾಟ್ ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದು ಬಟನ್ ಜಾಗ ಬದಲಾದರೆ ಚಿತ್ರ ಹಳತಾಗುತ್ತದೆ, ಮತ್ತೆ ತೆಗೆಯುವವರು ಯಾರೂ ಸಿಗುವುದಿಲ್ಲ. ಹಾಕಲೇಬೇಕಾದರೆ, ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳಲು ಚಿತ್ರದ ವಿವರಣೆಯನ್ನೂ ಬರೆಯಿರಿ.

ಹಳೆಯ ಪುಟದ ಶೀರ್ಷಿಕೆ ಚೆನ್ನಾಗಿಲ್ಲ ಅಂತ ಬದಲಿಸುವ ಮುನ್ನ ಒಮ್ಮೆ ಯೋಚಿಸಿ. ಶೀರ್ಷಿಕೆಯ ಪದಗಳಿಂದಲೇ ಆ ಭಾಗದ ಲಿಂಕ್ ತಯಾರಾಗುವುದು ಸಾಮಾನ್ಯ. ಶೀರ್ಷಿಕೆ ಬದಲಾದರೆ ಬೇರೆ ಬೇರೆ ಕಡೆಯಿಂದ ಅಲ್ಲಿಗೆ ಬರುತ್ತಿದ್ದ ಲಿಂಕ್‌ಗಳೆಲ್ಲ ಮುರಿಯುತ್ತವೆ.

ನಕಲು ಮತ್ತು ಎಐ ಬಗ್ಗೆ ಎರಡು ಮಾತು

ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದ ಉತ್ತರಗಳು, ವಿಕಿಪೀಡಿಯ, ವೆಬ್ ತಂತ್ರಜ್ಞಾನದ ಡಾಕ್ಸ್ ಇರುವ ಎಂಡಿಎನ್ ಪುಟಗಳು ಎಲ್ಲರಿಗೂ ಕಾಣುತ್ತವೆ ನಿಜ, ಆದರೆ ಅವಕ್ಕೂ ಲೈಸೆನ್ಸ್ ಇದೆ. ಈ ಮೂರೂ ಕ್ರಿಯೇಟಿವ್ ಕಾಮನ್ಸ್‌ನ "ಶೇರ್ ಅಲೈಕ್" ಬಗೆಯವು. ಮೂಲ ಬರೆದವರ ಹೆಸರು ಹೇಳಬೇಕು, ಬದಲಿಸಿ ಹಂಚಿದರೆ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು. ನಿಮ್ಮ ಪ್ರಾಜೆಕ್ಟ್‌ನ ಲೈಸೆನ್ಸ್ ಬೇರೆಯಾಗಿದ್ದರೆ ಅಲ್ಲಿಂದ ಪ್ಯಾರಾ ಎತ್ತಿ ಹಾಕುವಂತಿಲ್ಲ. ಓದಿ, ಅರ್ಥ ಮಾಡಿಕೊಂಡು, ಪರೀಕ್ಷಿಸಿ, ನಿಮ್ಮ ಮಾತಿನಲ್ಲಿ ಬರೆಯಿರಿ.

ಎಐ ಬರೆದುಕೊಟ್ಟದ್ದನ್ನು ಕಳಿಸಬಹುದಾ ಅಂತ ಈಗೀಗ ಜಾಸ್ತಿ ಜನ ಕೇಳುತ್ತಾರೆ. ಪ್ರಾಜೆಕ್ಟ್‌ನ ನಿಯಮ ನೋಡಿ. ಜೆಂಟೂ ಲಿನಕ್ಸ್ 2024ರ ಏಪ್ರಿಲ್‌ನಲ್ಲಿ ಎಐ ಸಹಾಯದಿಂದ ಬರೆದ ಕೊಡುಗೆಗಳನ್ನು ನಿಷೇಧಿಸಿತು. ಬೇರೆ ಕೆಲವು ಕಡೆ ಬಳಸಿದ್ದರೆ ಹೇಳಿ ಅನ್ನುತ್ತಾರೆ. ನಿಯಮ ಏನೇ ಇರಲಿ, ನನ್ನ ಅಭಿಪ್ರಾಯ ಸ್ಪಷ್ಟ. ಇಲ್ಲದ ಸೆಟ್ಟಿಂಗ್ ಒಂದನ್ನು ಎಐ ಧೈರ್ಯವಾಗಿ ಬರೆದುಬಿಡುತ್ತದೆ, ಅದನ್ನು ನಂಬಿ ಯಾರೋ ಒಂದು ಸಂಜೆ ಕಳೆದುಕೊಳ್ಳುತ್ತಾರೆ. ನಿಮ್ಮ ವ್ಯಾಕರಣ ನೋಡಿಸಿಕೊಳ್ಳಿ, ನಿಯಮ ಒಪ್ಪಿದರೆ. ವಿಷಯ ಮಾತ್ರ ನೀವು ಮಾಡಿ ನೋಡಿದ್ದೇ ಆಗಿರಲಿ.

ಹಂತ 7: ಪರಿಶೀಲನೆ ಎದುರಿಸುವುದು

ಪುಲ್ ರಿಕ್ವೆಸ್ಟ್ ತೆರೆದ ಕೂಡಲೇ ಕೆಲವು ಯಂತ್ರ ಪರೀಕ್ಷೆಗಳು ತಾವಾಗಿಯೇ ನಡೆಯಬಹುದು: ಲಿಂಕ್ ಸರಿಯಿದೆಯಾ, ಅಕ್ಷರ ತಪ್ಪಿದೆಯಾ, ಪುಟ ತಯಾರಾಗುತ್ತದಾ. ಕೆಂಪು ಗುರುತು ಬಂದರೆ ಗಾಬರಿ ಬೇಡ. ಅದನ್ನು ಒತ್ತಿದರೆ ಯಾವ ಸಾಲಿನಲ್ಲಿ ಏನು ತಪ್ಪು ಅಂತ ಕಾಣುತ್ತದೆ. ಕೆಲವೊಮ್ಮೆ ತಪ್ಪು ನಿಮ್ಮದಾಗಿರುವುದೂ ಇಲ್ಲ, ಆಗ ಹಾಗೆಂದು ಕಾಮೆಂಟ್ ಹಾಕಿ ಕೇಳಿ.

ಆಮೇಲೆ ಕಾಯಬೇಕು. ನೋಡುವವರೂ ನಿಮ್ಮ ಹಾಗೆ ಬಿಡುವಿನಲ್ಲಿ ಕೆಲಸ ಮಾಡುವವರೇ. ಎರಡು ವಾರ ಏನೂ ಉತ್ತರ ಬರದಿದ್ದರೆ ಒಂದು ಸಾಲಿನ ವಿನಯದ ನೆನಪೋಲೆ ಹಾಕಿ. ಇನ್ನೂ ಬರದಿದ್ದರೆ ಅದನ್ನು ಹಾಗೇ ಬಿಟ್ಟು ಪಟ್ಟಿಯ ಇನ್ನೊಂದು ಪ್ರಾಜೆಕ್ಟ್‌ಗೆ ಹೋಗಿ.

ನಾನು ಮೊದಲು ಕಳಿಸಿದ ತಿದ್ದುಪಡಿ ಒಂದೇ ಪುಲ್ ರಿಕ್ವೆಸ್ಟ್‌ನಲ್ಲಿ ಹದಿನೇಳು ಫೈಲ್ ಮುಟ್ಟಿತ್ತು. ಯಾರೂ ನೋಡಲಿಲ್ಲ. ತಿಂಗಳುಗಳ ನಂತರ ಅದನ್ನೇ ಐದು ಸಣ್ಣ ತುಂಡು ಮಾಡಿ ಕಳಿಸಿದಾಗ ನಾಲ್ಕು ಒಂದೇ ವಾರದಲ್ಲಿ ಸೇರಿಕೊಂಡವು. ನೋಡುವವರಿಗೆ ಹತ್ತು ನಿಮಿಷದಲ್ಲಿ ಮುಗಿಯುವಷ್ಟೇ ಕಳಿಸಿ.

ಪರಿಶೀಲನೆಯಲ್ಲಿ ಇಪ್ಪತ್ತು ಕಾಮೆಂಟ್ ಬಂದರೆ ಮನಸ್ಸು ಕುಗ್ಗುತ್ತದೆ. ಆದರೆ ಅದರ ಅರ್ಥ ಒಬ್ಬರು ನಿಮ್ಮ ಬರಹವನ್ನು ಸಾಲು ಸಾಲು ಓದಿದ್ದಾರೆ ಅಂತ. ಒಪ್ಪುವುದಾದರೆ ತಿದ್ದಿ "ಸರಿಪಡಿಸಿದೆ" ಎನ್ನಿ. ಗಿಟ್‌ಹಬ್‌ನಲ್ಲಿ ಅವರು ಬದಲಿ ವಾಕ್ಯವನ್ನೇ ಬರೆದುಕೊಟ್ಟಿದ್ದರೆ ಒಂದು ಬಟನ್ ಒತ್ತಿ ಸೇರಿಸಿಕೊಳ್ಳಬಹುದು. ಒಪ್ಪದಿದ್ದರೆ ಕಾರಣ ಹೇಳಿ: "ನಾನು ಹೊಸದಾಗಿ ಬಳಸುವಾಗ ಇಲ್ಲಿ ಗೊಂದಲವಾಯಿತು, ಅದಕ್ಕೆ ಈ ಸಾಲು ಸೇರಿಸಿದೆ." ಈ ಕಾರಣಕ್ಕೆ ತೂಕ ಇದೆ. ಹೊಸದಾಗಿ ಪುಲ್ ರಿಕ್ವೆಸ್ಟ್ ತೆರೆಯಬೇಡಿ, ಅದೇ ಬ್ರಾಂಚ್‌ನಲ್ಲಿ ತಿದ್ದಿದರೆ ಅದೇ ಕೋರಿಕೆಗೆ ಬಂದು ಸೇರುತ್ತದೆ.

ಇನ್ನೊಂದು ಮುಖ್ಯ ಎಚ್ಚರಿಕೆ. ಎಣಿಕೆ ಹೆಚ್ಚಿಸಲೆಂದು ಪುಲ್ ರಿಕ್ವೆಸ್ಟ್ ಕಳಿಸಬೇಡಿ. ಓಪನ್ ಸೋರ್ಸ್‌ಗೆ ಕೊಡುಗೆ ನೀಡಲು ಹುರಿದುಂಬಿಸಲು ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ, ಟೀ ಶರ್ಟ್ ಸಿಗುತ್ತದೆಂದು 2020ರಲ್ಲಿ ಬಹಳ ಜನ ರೀಡ್‌ಮಿ ಫೈಲ್‌ಗಳಿಗೆ ಅರ್ಥವಿಲ್ಲದ ಪದ ಸೇರಿಸಿ ಕಳಿಸಿದರು. ಮೇಂಟೇನರ್‌ಗಳು ಎಷ್ಟು ಬೇಸತ್ತರೆಂದರೆ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳಲ್ಲಿ ಮಾತ್ರ ಲೆಕ್ಕ ಎಂದು ಆ ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಾಯಿತು. ಡಾಕ್ಸ್‌ನ ಸಣ್ಣ ತಿದ್ದುಪಡಿ ಅಂದರೆ ಇವತ್ತಿಗೂ ಕೆಲವರು ಅನುಮಾನದಿಂದ ನೋಡುತ್ತಾರೆ. "ಈ ಸಾಲಿನಿಂದ ನಾನು ಸಿಕ್ಕಿಹಾಕಿಕೊಂಡೆ" ಎಂದು ಕಾರಣ ಬರೆದರೆ ಆ ಅನುಮಾನ ಹೋಗುತ್ತದೆ.

ಹಂತ 8: ಸೇರಿದ ಮೇಲೆ

ನಿಮ್ಮ ತಿದ್ದುಪಡಿ ಮೂಲದಲ್ಲಿ ಸೇರುವುದಕ್ಕೆ "ಮರ್ಜ್" ಅನ್ನುತ್ತಾರೆ. ಮರ್ಜ್ ಆದರೂ ವೆಬ್‌ಸೈಟ್‌ನಲ್ಲಿ ಕಾಣುತ್ತಿಲ್ಲವಲ್ಲ ಅಂತ ಕೆಲವರು ಕಂಗಾಲಾಗುತ್ತಾರೆ. ಡಾಕ್ಸ್‌ಗೂ ಆವೃತ್ತಿಗಳಿರುತ್ತವೆ. "ಲೇಟೆಸ್ಟ್" ಪುಟದಲ್ಲಿ ಬೇಗ ಕಾಣಬಹುದು, "ಸ್ಟೇಬಲ್" ಪುಟಕ್ಕೆ ಮುಂದಿನ ಬಿಡುಗಡೆಯವರೆಗೆ ಕಾಯಬೇಕಾಗಬಹುದು.

ಎರಡನೆಯ ತಿದ್ದುಪಡಿಗೆ ಮುನ್ನ ನಿಮ್ಮ ಫೋರ್ಕ್ ಪುಟದಲ್ಲಿ "ಸಿಂಕ್ ಫೋರ್ಕ್" ಒತ್ತಿ ಮೂಲದ ಹೊಸ ಬದಲಾವಣೆಗಳನ್ನು ತಂದುಕೊಳ್ಳಿ. ಹಳೆಯ ಪ್ರತಿಯ ಮೇಲೆ ಬರೆದರೆ ಇಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದ ಗೊಂದಲ ಬರಬಹುದು. ಪ್ರತಿ ಕೆಲಸಕ್ಕೂ ಹೊಸ ಬ್ರಾಂಚ್ ಮಾಡಿ, ಮರ್ಜ್ ಆದ ಬ್ರಾಂಚ್ ಅಳಿಸಿ.

ನಾಲ್ಕೈದು ತಿದ್ದುಪಡಿ ಆದ ಮೇಲೆ ಗಿಟ್‌ನ ಕಮಾಂಡ್‌ಗಳನ್ನು ಕಲಿಯಿರಿ, ಡಾಕ್ಸ್ ಸೈಟನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಕಟ್ಟಿ ನೋಡಿ. ಹಾಗೆ ಕಟ್ಟುವಾಗಲೂ ಎಲ್ಲೋ ಎಡವುತ್ತೀರಿ, ಏಕೆಂದರೆ ಆ ಸೂಚನೆಗಳನ್ನು ಹೊಸಬರ ಕಣ್ಣಿನಿಂದ ಓದಿದವರು ಕಡಿಮೆ. ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.